ಅಪ್ಪನಿಗೆ ‘ಈಸ್’ ಅನ್ನಬಹುದೇ?

ತಪ್ಪು ನನ್ನದು. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಾನು ಹೇಳದಿದ್ದರೆ ನಮ್ಮ ಅಕ್ಕ ಹೇಳುತ್ತಾಳೆ, ಅವಳು ಹೇಳಿದರೆ ಅದಕ್ಕೆ ಉಪ್ಪು ಖಾರ ಜಾಸ್ತಿ ಬೀಳುತ್ತದೆ. ನಮ್ಮ ಭಾವ, ಅಂದರೆ ಆ ಅಕ್ಕನ ಗಂಡ, ಎಸ್ಸೆಸ್ಸೆಲ್ಸಿಯ ಇಂಗ್ಲಿಷಿನಲ್ಲಿ ನಾಲ್ಕು ಮಾರ್ಕಿಗೆ ಬಿದ್ದದ್ದು ನನ್ನ ಬಾಯಿಯ ದೆಸೆಯಿಂದ. ಬಾಯಿ ಮಾತ್ರ ನನ್ನದು ಅನ್ನಿ. ದನಿ ಇನ್ನೊಬ್ಬರದಾಗಿತ್ತು.

ಮಂದಿಯ ದನಿ ತೆಗೆಯುವುದು ನನಗೆ ಸಣ್ಣಂದಿನಿಂದ ಅಂಟಿದ ರೋಗ. ಮಾನ್ವಿಯ ನಮ್ಮ ಓಣಿಯಲ್ಲಿ ಯಾವ ಮನೆಯ ಹಿರಿಯರೂ ನನ್ನಿಂದ ಪಾರಾಗಿರಲಿಲ್ಲ. ನನ್ನ ದನಿಯನ್ನೂ ನಾನೇ ಅಣಕಿಸುತ್ತಿದ್ದೆ: ಮೂಗಿನಲ್ಲಿ ಹೊರಟು ಗಂಟಲಲ್ಲಿ ಸಿಕ್ಕಿಕೊಳ್ಳುವ, ಹರಿದ ತಮಟೆಯಂಥ ದನಿ ಅದು. ಒಮ್ಮೆ ರಾಯಚೂರಿನಿಂದ ಊರಿಗೆ ಹೋಗುವಾಗ ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತು, ಕಂಡಕ್ಟರನ ದನಿಯಲ್ಲಿ ‘ಹೋಲ್ಡಾನ್’ ಅಂದೆ. ಡ್ರೈವರು ಕಲ್ಮಲ ದಾಟಿ ಹತ್ತಿ ಹೊಲದ ನಡುವೆ ಗಾಡಿ ನಿಲ್ಲಿಸಿದ. ಇಳಿಯುವವರು ಯಾರೂ ಇರಲಿಲ್ಲ. ನಿಂತ ಬಸ್ಸಿನಿಂದ ಒಬ್ಬರಾದರೂ ಇಳಿಯಬೇಕು ಅಂತ ಕಂಡಕ್ಟರು ಹಟ ಹಿಡಿದ. ಆ ಒಬ್ಬ ನಾನಾದೆ. ಅಷ್ಟಾದರೂ ಬುದ್ಧಿ ಬರಲಿಲ್ಲ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ರಾಯಚೂರಿನಲ್ಲಿ ರೂಮು ಮಾಡಿಕೊಂಡು ಬಿ.ಎ. ಓದುತ್ತಿದ್ದೆ. ಅಕ್ಕನನ್ನು ದೇವದುರ್ಗಕ್ಕೆ ಕೊಟ್ಟಿತ್ತು. ಭಾವ ಅಲ್ಲಿನ ಒಂದು ಸರಕಾರಿ ಕಚೇರಿಯಲ್ಲಿ ಅಟೆಂಡರು. ಹದಿನಾಲ್ಕು ವರ್ಷ ಸಾಹೇಬರ ಬಾಗಿಲಲ್ಲಿ ಸ್ಟೂಲಿನ ಮೇಲೆ ಕೂತವರು. ಎಸ್ಸೆಸ್ಸೆಲ್ಸಿಯ ಉಳಿದೆಲ್ಲ ವಿಷಯಗಳನ್ನು ಒಂದೊಂದಾಗಿ ಮುಗಿಸಿ ಇಂಗ್ಲಿಷೊಂದನ್ನು ಬಾಕಿ ಇಟ್ಟುಕೊಂಡಿದ್ದರು. ಅಷ್ಟರಲ್ಲಿ ಕಚೇರಿಯ ಗುಮಾಸ್ತನೊಬ್ಬ ಬರುವ ಜೂನಿಗೆ ನಿವೃತ್ತನಾಗುವವನಿದ್ದ. ‘ಅಷ್ಟರೊಳಗ ಪಾಸಾಗು, ಆ ಕುರ್ಚಿಗೆ ನಿನ್ನ ಹೆಸರು ಬರೀತೀನಿ. ಆಮ್ಯಾಲ ನಿನ್ನ ವಯಸ್ಸು ದಾಟ್ತದ, ನನ್ನ ಕೈಯಾಗ ಏನಿಲ್ಲ’ ಅಂತ ಸಾಹೇಬರು ಹೇಳಿದ್ದರು. ಅಕ್ಟೋಬರಿನಲ್ಲಿ ಒಂದು ಪರೀಕ್ಷೆ, ಏಪ್ರಿಲ್‌ನಲ್ಲಿ ಇನ್ನೊಂದು. ಎರಡೇ ಏಟು.

‘ಇವರನ್ನ ಪಾಸ್ ಮಾಡಿಸೂದು ನಿನ್ನ ಜಿಮ್ಮಾ’ ಅಂದಳು ಅಕ್ಕ. ನಾನು ಒಪ್ಪಿದೆ. ಇಂಗ್ಲಿಷಿನಲ್ಲಿ ನಾನು ಮೆಟ್ರಿಕ್ ದಾಟಿದ್ದು ಸರಿಯಾಗಿ ಮೂವತ್ತೈದಕ್ಕೆ ಅನ್ನುವುದನ್ನು ಅವಳಿಗೆ ನೆನಪಿಸಲಿಲ್ಲ. ಪ್ರತಿ ಶನಿವಾರ ಹೋಗುತ್ತಿದ್ದೆ. ಹೆಸರಿಗೆ ವ್ಯಾಕರಣ, ಹೊಟ್ಟೆಗೆ ಅವಳ ಬಿಸಿ ರೊಟ್ಟಿ ಮತ್ತು ಪುಂಡಿಪಲ್ಯ.

ಆದರೆ ಆ ರೊಟ್ಟಿಗೆ ನಾನು ತೆತ್ತ ಬೆಲೆ ಯಾವ ಶತ್ರುವಿಗೂ ಬೇಡ. ಬೇರೆಯವರು ಇಂಗ್ಲಿಷ್ ಬಾಯಿಪಾಠ ಮಾಡುತ್ತಾರೆ. ನಮ್ಮ ಭಾವ ಅದರ ಮೇಲೆ ವಿಚಾರಣೆ ನಡೆಸುತ್ತಿದ್ದರು. ‘ಐ ಈಟ್ ರೊಟ್ಟಿ’ ಅಂತ ಹಲಗೆಯ ಮೇಲೆ ಬರೆದೆ. ಮೀಸೆ ತಿರುವುತ್ತ ಒಂದು ಗಳಿಗೆ ನೋಡಿದರು.

‘ತಿನ್ನೂದು ರೊಟ್ಟಿಗಿಂತ ಮೊದಲ ಬಂತಲ್ಲೋ?’

‘ಇಂಗ್ಲಿಷಿನಾಗ ಹಂಗರೀ ಭಾವ. ಕೆಲಸ ಮೊದಲ, ವಸ್ತು ಆಮ್ಯಾಲ.’

‘ತಾಟಿಗೆ ರೊಟ್ಟಿ ಬರೂದಕ್ಕಿಂತ ಮೊದಲ ಬಾಯಿ ಆಡಿಸಿದ್ರ ಮಂದಿ ಹುಚ್ಚ ಅಂತಾರ. ನಾನು, ರೊಟ್ಟಿ, ತಿನ್ನೂದು. ನಮ್ಮದರಾಗ ನಡುವ ಕೈ ತೊಳಕೊಳ್ಳಾಕೂ ಟೈಮ್ ಸಿಗತದ.’

ಇದಕ್ಕೆ ಒಂದು ಶನಿವಾರ ಹೋಯಿತು. ಮುಂದಿನ ಶನಿವಾರ ‘ಇಟ್ ಈಸ್ ರೇನಿಂಗ್’ ನುಂಗಿತು.

‘ಮಳಿ ಬರಾಕತ್ತದ, ತಿಳೀತು. ಈ ಇಟ್ ಯಾರು?’

‘ಯಾರೂ ಅಲ್ರೀ.’

‘ಯಾರೂ ಅಲ್ಲದಂವ ಮಳಿ ಹೆಂಗ ಸುರಸ್ತಾನ?’

‘ವಾಕ್ಯದಾಗ ಕರ್ತೃವಿನ ಜಾಗ ಖಾಲಿ ಇರಬಾರದು ಅಂತ ಅದನ್ನ ಸುಮ್ಮನ ಕುಂದ್ರಸ್ತಾರ್ರೀ. ಕುರ್ಚಿ ಖಾಲಿ ಇರಬಾರದಲ್ಲ, ಅದಕ್ಕ.’

ಭಾವನ ಮುಖ ಗಂಟಿಕ್ಕಿತು. ‘ಏನೂ ಮಾಡಲಾರದ ಇಟ್‌ಗೆ ಕುರ್ಚಿ ಕೊಟ್ಟಾರ! ನಾ ಹದಿನಾಕು ವರ್ಷದಿಂದ ಸ್ಟೂಲಿನ ಮ್ಯಾಲ ಕುಂತೀನಿ ನೋಡು.’

ಅಡುಗೆಮನೆಯಿಂದ ಅಕ್ಕ ಸೆರಗು ಬಾಯಿಗಿಟ್ಟುಕೊಂಡು ನಗುವುದು ಕೇಳುತ್ತಿತ್ತು. ನಾನು ನಗಲಿಲ್ಲ. ನನಗೆ ಗೋಡೆಗೆ ತಲೆ ಚಚ್ಚಿಕೊಳ್ಳಬೇಕು ಅನಿಸುತ್ತಿತ್ತು. ಮಣ್ಣಿನ ಗೋಡೆಯಾದ್ದರಿಂದ ಗೋಡೆಯ ಮೇಲೆ ಕರುಣೆ ಬಂದು ಬಿಟ್ಟೆ.

ಆಮೇಲೆ ಬಂತು ‘ಈಸ್’ ಮತ್ತು ‘ಆರ್’. ಒಬ್ಬರಿದ್ದರೆ ಈಸ್, ಬಹಳ ಮಂದಿ ಇದ್ದರೆ ಆರ್. ಇಷ್ಟೇ. ಇಷ್ಟನ್ನು ಐದು ಸಲ ಹೇಳಿದೆ. ಹುಣಸೆ ಬೀಜ ಇಟ್ಟು ಹೇಳಿದೆ, ಅಕ್ಕನ ಬಳೆ ಇಟ್ಟು ಹೇಳಿದೆ. ಆರನೆಯ ಸಲ ಭಾವ ತಣ್ಣಗೆ ಕೇಳಿದರು: ‘ಅದೆಲ್ಲಾ ಆತು. ಈಸ್ ಯಾವಾಗ, ಆರ್ ಯಾವಾಗ?’

ಹೊರಗೆ ದೇವದುರ್ಗದ ಬಿಸಿಲು. ಒಳಗೆ ನನ್ನ ಹಸಿವು. ಆ ಗಳಿಗೆಯಲ್ಲಿ ನನ್ನ ಗಂಟಲೊಳಗಿಂದ ನಮ್ಮ ಇಂಗ್ಲಿಷ್ ಮಾಸ್ತರು ಎದ್ದು ಬಂದರು.

ಮಾನ್ವಿಯ ಹೈಸ್ಕೂಲಿನಲ್ಲಿ ಅವರು, ಹಾಸ್ಟೆಲಿನಲ್ಲಿದ್ದು ಓದುತ್ತಿದ್ದ ಭಾವನಿಗೂ ಕಲಿಸಿದ್ದರು, ಎಷ್ಟೋ ವರ್ಷದ ಮೇಲೆ ನನಗೂ ಕಲಿಸಿದರು. ಕರ್ನೂಲು ಕಡೆಯವರು. ಅವರ ಇಂಗ್ಲಿಷಿನ ಪ್ರತಿ ವಾಕ್ಯದ ಬಾಲಕ್ಕೆ ಒಂದು ತೆಲುಗಿನ ‘ರಾ’ ಕಟ್ಟಿರುತ್ತಿತ್ತು. ಮಾತಿಗೆ ಮೊದಲು ಎರಡು ಸಲ ಕೆಮ್ಮು, ಮಾತಾದ ಮೇಲೆ ಒಂದು ಬೆತ್ತದ ಏಟು. ನಾನು ಎರಡು ಸಲ ಕೆಮ್ಮಿದೆ.

‘ಲಿಸನ್ ರಾ! ಫಾರ್ ಎಲ್ಡರ್ಸ್, ಆರ್. ಫಾರ್ ಚಿಲ್ಡ್ರನ್ ಅಂಡ್ ಗೋಟ್ಸ್, ಈಸ್. ಅಂಡರ್‌ಸ್ಟ್ಯಾಂಡ್ ರಾ?’

ದೊಡ್ಡವರಿಗೆ ಆರ್, ಮಕ್ಕಳಿಗೂ ಮೇಕೆಗಳಿಗೂ ಈಸ್. ಸುಮ್ಮನೆ ಬಾಯಿಗೆ ಬಂದದ್ದು. ಆದರೆ ಭಾವನ ಬಲಗೈ ತಾನಾಗಿ ಮುಂದೆ ಬಂದು ಅಂಗೈ ಬಿಚ್ಚಿತು, ಏಟಿಗೆ ಸಿದ್ಧವಾಗಿ. ‘ಯೆಸ್ ಸರ್’ ಅಂದರು. ನಾನು ಬಿದ್ದು ಬಿದ್ದು ನಕ್ಕೆ, ರೊಟ್ಟಿ ತಿಂದೆ, ಸಂಜೆಯ ಬಸ್ಸಿಗೆ ರಾಯಚೂರಿಗೆ ಹೋದೆ, ಮರೆತೆ.

ಭಾವ ಮರೆಯಲಿಲ್ಲ. ಕಚೇರಿಯ ಹಳೆಯ ಫಾರಮ್ಮಿನ ಹಿಂದೆ ಆ ಸೂತ್ರವನ್ನು ದುಂಡಗೆ ಬರೆದು, ಗೋಂದು ಹಚ್ಚಿ ಒಳಕೋಣೆಯ ಕನ್ನಡಿಯ ಪಕ್ಕ ಅಂಟಿಸಿದರು. ಹದಿನಾಲ್ಕು ವರ್ಷ ಸ್ಟೂಲಿನ ಮೇಲೆ ಕೂತ ಮನುಷ್ಯನಿಗೆ ಇಂಗ್ಲಿಷಿನಲ್ಲಿ ಮೊದಲ ಸಲ ನ್ಯಾಯ ಕಂಡಿತ್ತು. ಯಾಕೆ ಕಾಣಬಾರದು? ನಮ್ಮಲ್ಲಿ ಹುಡುಗ ‘ಬಂದಾನ’, ಹಿರಿಯರು ‘ಬಂದಾರ’. ಒಬ್ಬರೇ ಬಂದರೂ ಬಂದಾರ. ನೋಡಿ, ಈ ಬರಹದಲ್ಲಿ ನಾನೇ ಭಾವನಿಗೆ ‘ಕೇಳಿದರು’, ‘ಬರೆದರು’ ಅಂತ ಹಾಕುತ್ತ ಬಂದಿದ್ದೇನೆ. ನಮ್ಮ ಅಕ್ಕನಿಗೆ ಇರುವ ಗಂಡ ಒಬ್ಬರೇ.

ಅಕ್ಟೋಬರಿನ ಪರೀಕ್ಷೆಯಲ್ಲಿ ಪ್ರಬಂಧಕ್ಕೆ ಕೊಟ್ಟ ವಿಷಯಗಳಲ್ಲಿ ‘ನನ್ನ ತಂದೆ’ ಬಂತು. ಭಾವ ಬಾಯಿಪಾಠ ಮಾಡಿಟ್ಟುಕೊಂಡಿದ್ದ ಏಕೈಕ ಪ್ರಬಂಧ ಅದು. ರಾಯಚೂರಿನ ಸೆಂಟರಿನಿಂದ ಹೊರಗೆ ಬಂದವರು ನನ್ನ ಬೆನ್ನು ತಟ್ಟಿದರು. ದೇವದುರ್ಗದ ಮನೆಗೆ ಬಂದ ಮೇಲೆ, ಬರೆದದ್ದನ್ನು ಅಕ್ಷರ ಬಿಡದೆ ಒಪ್ಪಿಸಿದರು:

‘ಮೈ ಫಾದರ್ ಆರ್ ಎ ಶೆಫರ್ಡ್. ದೇ ಆರ್ ಇನ್ ಜಾಲಹಳ್ಳಿ. ದೇ ಆರ್ ಓಲ್ಡ್. ದೇ ಹ್ಯಾವ್ ಫಾರ್ಟಿ ಶೀಪ್. ಒನ್ ಶೀಪ್ ಈಸ್ ಲೇಮ್.’

ಜಾಲಹಳ್ಳಿಯಲ್ಲಿ ಕುರಿ ಕಾಯುವ ಒಬ್ಬ ಮುದುಕರು ಮಗನ ಪ್ರಬಂಧದಲ್ಲಿ ಒಂದು ಹಿಂಡಾಗಿಬಿಟ್ಟಿದ್ದರು. ಇಡೀ ಪ್ರಬಂಧದಲ್ಲಿ ವ್ಯಾಕರಣ ನೆಟ್ಟಗಿದ್ದದ್ದು ಆ ಕುಂಟ ಕುರಿಯೊಂದರದೇ. ಕನ್ನಡಿಯ ಪಕ್ಕದ ಕಾಗದವನ್ನು ಆಗಲೇ ನಾನು ನೋಡಿದ್ದು.

ಫಲಿತಾಂಶ ಬಂತು: ಮೂವತ್ತೊಂದು. ಪ್ರಬಂಧ ನೆಟ್ಟಗಿದ್ದರೆ ಆ ನಾಲ್ಕು ಮಾರ್ಕು ಎಲ್ಲಿಗೂ ಹೋಗುತ್ತಿರಲಿಲ್ಲ. ಅಕ್ಕನೆದುರು ತಪ್ಪು ಒಪ್ಪಿಕೊಂಡೆ. ಅವಳು ಹಿಟ್ಟಿನ ಕೈಯಲ್ಲೇ ನನ್ನ ಕಿವಿ ಹಿಂಡಿದಳು.

‘ಖೋಡಿ, ಬಾಯಿಗೆ ಕೀಲಿ ಹಾಕ್ಕೊಂಡು ಹುಟ್ಟಬೇಕಿತ್ತು ನೀ! ನೀ ಹಾಕಿದ ಗಂಟು, ನೀನ ಬಿಚ್ಚು.’

ಬಿಚ್ಚಲು ಕೂತೆ. ಆ ಚಳಿಗಾಲದ ಶನಿವಾರಗಳನ್ನು ನೆನೆದರೆ ನನಗೆ ಈಗಲೂ ತಲೆ ಬಿಸಿಯಾಗುತ್ತದೆ.

‘ಭಾವ, ಅದು ಸುಳ್ಳರೀ. ನಾ ಚೇಷ್ಟಿ ಮಾಡಿದ್ದೆ. ಅಪ್ಪಗೂ ಈಸ್.’

‘ನೀ ಹೇಳಿದ್ದಲ್ಲಲೇ ಅದು. ಮಾಸ್ತರು ಹೇಳಿದ್ದು.’

‘ಮಾಸ್ತರ ದನಿ ತಗದಾಂವ ನಾನರೀ!’

‘ಪೂಜಾರಿ ಮೈಯಾಗ ದೇವರು ಬಂದಾಗ ಪೂಜಾರಿ ಮಾತಾಡ್ತಾನೇನು? ನಿನ್ನ ಮೈಯಾಗ ಅವತ್ತು ಮಾಸ್ತರು ಬಂದಿದ್ರು.’

ಸರಿ, ದೇವರನ್ನೇ ಮತ್ತೆ ಕರೆಯೋಣ ಅಂತ ಎರಡು ಸಲ ಕೆಮ್ಮಿ, ‘ಲಿಸನ್ ರಾ! ಮೈ ಫಾದರ್ ಈಸ್ ರಾ!’ ಅಂದೆ. ತುಟಿಯ ಕೊನೆಯಲ್ಲಿ ಒಂದಿಷ್ಟು ನಗು ಜಾರಿತು. ಭಾವ ಬೆರಳು ತೋರಿಸಿದರು: ‘ನಕ್ಕಿ. ಮಾಸ್ತರು ಹುಟ್ಟಿದಾಗಿಂದ ನಕ್ಕವರಲ್ಲ. ಇದು ನಕಲಿ.’

ನನ್ನ ಜೀವಮಾನದಲ್ಲಿ ನನ್ನ ಅಣಕ ಸೋತದ್ದು ಅದೊಂದೇ ಸಲ, ಅದೂ ಖರೆ ಹೇಳಿದ ದಿನ.

ಇನ್ನೊಂದು ಶನಿವಾರ ಅವರೇ ತಿರುಗಿಬಿದ್ದರು.

‘ಇಂಗ್ಲಿಷಿನಾಗ ನಿನಗೇನಂತಾರ?’

‘ಯು ಆರ್.’

‘ಕತ್ತಿಗೆ?’ ಅಂದರೆ ಕತ್ತೆಗೆ.

‘ಅದಕ್ಕೂ ಯು ಆರ್ ಅನ್ನಬೇಕ್ರೀ.’

‘ಕತ್ತಿಗೆ ಆರ್, ನಿನಗ ಆರ್, ನಮ್ಮ ಅಪ್ಪಾರಿಗೆ ಈಸ್! ಯಾವೂರ ನ್ಯಾಯಲೇ ಇದು?’

‘ಕತ್ತಿನೂ ನಾನೂ ಎದುರಿಗೆ ನಿಂತಾಗ ಅಷ್ಟ ಆರ್ ರೀ. ಹಿಂದ ಮಾತಾಡುವಾಗ ಇಬ್ಬರಿಗೂ ಈಸ್.’

‘ಎದುರಿಗೆ ಒಂದು, ಹಿಂದ ಒಂದು. ಇಂಥಾ ಭಾಷಾ ಆಡೂ ಮಂದಿ ನಮ್ಮ ಆಫೀಸಿನಾಗೂ ಬಹಳ ಅದಾರ ಬಿಡು.’

‘ಭಾವ, ಇಂಗ್ಲಿಷರು ತಮ್ಮ ರಾಣಿಗೂ ಈಸ್ ಅಂತಾರ್ರೀ!’

‘ಅದಕ್ಕ ನೋಡು, ಗಂಟು ಮೂಟಿ ಕಟ್ಕೊಂಡು ಹೋಗಬೇಕಾತು.’

ನಾನು ಹಲಗೆ ಬಳಪ ಎರಡನ್ನೂ ಎತ್ತಿ ಅಂಗಳಕ್ಕೆ ಒಗೆದೆ. ‘ಇನ್ನ ನನ್ನ ಕೈಲಾಗೂದಿಲ್ಲ, ನಿನ್ನ ಗಂಡನ್ನ ನೀನ ಪಾಸ್ ಮಾಡಿಸ್ಕೋ’ ಅಂತ ಅಡುಗೆಮನೆಗೆ ನುಗ್ಗಿದೆ. ಅಕ್ಕ ಒಲೆಯ ಮುಂದೆ ಕೂತಿದ್ದಳು. ತಿರುಗಿ ನೋಡದೆ ಹೇಳಿದಳು:

‘ಹಿಂದಿನ ವರ್ಷ ನಮ್ಮ ಮಾವ ಜಾಲಹಳ್ಳಿಯಿಂದ ಇವರನ್ನ ನೋಡಾಕ ಆಫೀಸಿಗೆ ಹೋಗಿದ್ರು. ಹೆಗಲ ಮ್ಯಾಲ ಕಂಬಳಿ, ಚಪ್ಪಲಿ ಕೈಯಾಗ ಹಿಡಕೊಂಡು ಬಾಗಿಲದಾಗ ನಿಂತಾರ. ಆ ಗುಮಾಸ್ತ ಕುಂತಲ್ಲಿಂದನ ಒದರಿದ: ಲೇ, ನಿಮ್ಮಪ್ಪ ಬಂದಾನ ನೋಡು, ಹೊರಗ ನಿಂದ್ರಸು, ಕುರಿ ವಾಸನಿ ಬರಾಕತ್ತದ. ಇವರು ಮಾವನ್ನ ಹೊರಗ ಕರಕೊಂಡು ಹೋದ್ರು, ವಾಪಸ್ ಬಂದು ಆ ಗುಮಾಸ್ತಗ ಚಹಾ ತಂದುಕೊಟ್ರು. ಅವತ್ತಿನಿಂದ ಇವರ ಬಾಯಾಗ ಅಪ್ಪ ಹೋಗಿ ಅಪ್ಪಾರು ಆತು. ನೀ ಈಸ್ ಅಂದಾಗೊಮ್ಮೆ ಇವರಿಗೆ ಆ ಬಂದಾನನ ಕೇಳಸ್ತದ.’

ಜೂನಿಗೆ ಖಾಲಿಯಾಗುವ ಕುರ್ಚಿ ಅದೇ ಗುಮಾಸ್ತನದು.

ಅಂದು ಊಟವಾಗುವ ತನಕ ನಾನು ಯಾರ ದನಿಯನ್ನೂ ತೆಗೆಯಲಿಲ್ಲ. ಅಕ್ಕ ಎರಡು ಸಲ ನನ್ನ ಹಣೆ ಮುಟ್ಟಿ ನೋಡಿದಳು, ಜ್ವರ ಬಂದಿದೆಯೇನೋ ಅಂತ. ಹೋಗಿ ಹಲಗೆಯನ್ನು ಎತ್ತಿಕೊಂಡು ಬಂದೆ. ಅದರ ಒಂದು ಮೂಲೆ ಮುರಿದಿತ್ತು.

ಆದರೆ ಮನಸ್ಸು ಕರಗಿದರೆ ಪರೀಕ್ಷಕ ಕರಗುತ್ತಾನೆಯೇ? ಅವನಿಗೆ ಕಂಬಳಿಯೂ ಗೊತ್ತಿಲ್ಲ, ಚಪ್ಪಲಿಯೂ ಗೊತ್ತಿಲ್ಲ. ಅವನು ಕೆಂಪು ಶಾಯಿಯಲ್ಲಿ ಆರ್‌ನ ಕೆಳಗೆ ಗೆರೆ ಎಳೆದು ಊಟಕ್ಕೆ ಏಳುತ್ತಾನೆ. ಭಾವ ಆ ಕುರ್ಚಿಯಲ್ಲಿ ಕೂರಬೇಕಾದರೆ ಅಪ್ಪನಿಗೆ ಈಸ್ ಅನ್ನಲೇಬೇಕು. ಅಪ್ಪನಿಗೆ ಈಸ್ ಅನ್ನುವುದಾದರೆ ಆ ಕುರ್ಚಿ ಯಾತಕ್ಕೆ ಅನ್ನುವುದು ಭಾವನ ಹಟ. ಪ್ರಬಂಧ ಬದಲಾಯಿಸೋಣ, ‘ಹಸು’ ಬರೆಯಿರಿ ಅಂದೆ. ಈ ವಯಸ್ಸಿನಲ್ಲಿ ಹೊಸದು ತಲೆಗೆ ಹೋಗುವುದಿಲ್ಲ ಅಂದರು. ಅದು ಖರೆಯೇ ಆಗಿತ್ತು.

ಮಾರ್ಚ್ ಬಂತು. ನನಗೆ ಹೊಳೆದದ್ದು ಒಂದೇ ದಾರಿ: ಅಪ್ಪನ ಕೈಯಿಂದಲೇ ಒಪ್ಪಿಗೆ ಕೊಡಿಸುವುದು. ಮಗನಿಗೆ ಅಪ್ಪನ ಮಾತೇ ಶಾಸನ ಆದಮೇಲೆ, ‘ಈಸ್ ಅನ್ನು, ನನಗ ಸಿಟ್ಟಿಲ್ಲ’ ಅಂತ ಒಂದು ಮಾತು ಸಾಕಲ್ಲ! ಒಂದು ಭಾನುವಾರ ಬೆಳಿಗ್ಗೆ ಭಾವನನ್ನು ಬಸ್ಸು ಹತ್ತಿಸಿಕೊಂಡು ಜಾಲಹಳ್ಳಿಗೆ ಹೋದೆ.

ಅಪ್ಪಾರು ಮನೆಯ ಕಟ್ಟೆಯ ಮೇಲೆ ಕೂತು ಉಣ್ಣೆ ನೂಲುತ್ತಿದ್ದರು. ಭಾವನ ತಾಯಿ ಅಂಗಳದಲ್ಲಿ ಮೊರ ಹಿಡಿದು ಜೋಳ ಕೇರುತ್ತಿದ್ದರು. ಮಾತು ಕಡಿಮೆ ಅವರದು. ನಮಗೆ ನೀರು ಕೊಟ್ಟು, ‘ಏನೋ ಓದಾಕತ್ತಾನಂತಲ್ಲ, ಫಾದರ್ ಫಾದರ್ ಅಂತ. ಹಂಗಂದ್ರ ಏನಪಾ?’ ಅಂತ ನನ್ನನ್ನು ಕೇಳಿದರು. ‘ಅಪ್ಪ ಅಂದಂಗ ಯವ್ವಾ’ ಅಂದೆ. ತಲೆಯಾಡಿಸಿ ಮೊರದ ಕಡೆ ತಿರುಗಿದರು. ಬೇರೆ ಯಾವ ಶಬ್ದದ ಅರ್ಥವನ್ನೂ ಕೇಳಲಿಲ್ಲ.

ನಾನು ಕಟ್ಟೆಯ ಮೇಲೆ ಮುದುಕರ ಪಕ್ಕ ಕೂತು, ವಕೀಲನ ಹಾಗೆ ಶುರು ಮಾಡಿದೆ.

‘ಯಪ್ಪಾ, ಇಂಗ್ಲಿಷಿನಾಗ ಹಿರ್ಯಾರಿಗೂ ಈಸ್ ಅಂತಾರ್ರಿ. ನಿಮ್ಮ ಮಗ ನಿಮಗ ಹಂಗಂದ್ರ ಸಿಟ್ಟೇನು?’

‘ಈಸ್ ಅಂದ್ರ?’

‘ಅದಾನ ಅಂದಂಗ್ರಿ.’

‘ಈಗ ಏನಂತಾನ?’

‘ಆರ್ ಅಂತಾರ್ರಿ. ಅದಾರ ಅಂದಂಗ.’

ಮುದುಕರು ನೂಲುವುದನ್ನು ನಿಲ್ಲಿಸಿದರು. ಆಮೇಲೆ ನನ್ನ ಕಡೆ ತಿರುಗಿದರು.

‘ನನಗ ಹುಟ್ಟಿದಾಗಿಂದ ಅದಾನ ಅಂದವರ ಎಲ್ಲಾರೂ. ಗೌಡ ಅಂದ, ಉಣ್ಣಿ ಕೊಳ್ಳಾಂವ ಅಂದ, ನನ್ನ ಮೊಮ್ಮಗನ ವಯಸ್ಸಿನ ಹುಡುಗ್ರೂ ಅಂದ್ರು. ನನ್ನ ಮಗ ಒಬ್ಬ ಅದಾರ ಅನ್ನಾಕತ್ತಾನ. ನಿನಗ್ಯಾಕಲೇ ಹೊಟ್ಟಿಬ್ಯಾನಿ?’

ವಕೀಲ ಕೂತಲ್ಲೇ ಕುಗ್ಗಿದ. ಹದಿನಾರು ಮೈಲಿಯ ಧೂಳು ಕುಡಿದು ಬಂದು, ಎದುರಾಳಿಯ ಕಡೆಗೆ ಸಾಕ್ಷಿ ಹೇಳಿಸಿದವನು ರಾಯಚೂರು ಜಿಲ್ಲೆಯಲ್ಲಿ ನನ್ನ ಹೊರತು ಇನ್ನೊಬ್ಬನಿರಲಾರ. ಭಾವನ ಮುಖ ನೋಡಬೇಕಿತ್ತು! ನನ್ನ ಜೇಬಿನ ಬಳಪ ತೆಗೆದುಕೊಂಡವರೇ ಮನೆಯ ಬಾಗಿಲ ಮೇಲೆ ಆಳೆತ್ತರದಲ್ಲಿ ‘ಮೈ ಫಾದರ್ ಆರ್ ಎ ಶೆಫರ್ಡ್’ ಅಂತ ಬರೆದರು. ಹೊಸಿಲ ಮೇಲೆ ಕೂತು, ಹೋಗುವವರಿಗೂ ಬರುವವರಿಗೂ ಕೇಳುವಂತೆ ಓದತೊಡಗಿದರು. ‘ಫಾದರ್ ಆರ್! ಫಾದರ್ ಆರ್!’ ನನ್ನನ್ನು ನೋಡಿಕೊಂಡೇ ಆ ಆರ್ ಅನ್ನು ಎಳೆದೆಳೆದು ಅನ್ನುತ್ತಿದ್ದರು. ನಾನು ಎರಡೂ ಕಿವಿಗೆ ಬೆರಳಿಟ್ಟುಕೊಂಡೆ. ಏಪ್ರಿಲ್ ಹೋಯಿತು, ಕುರ್ಚಿ ಹೋಯಿತು, ಅಕ್ಕ ಉಳಿದ ಕಿವಿಯನ್ನೂ ಹಿಂಡುತ್ತಾಳೆ ಅಂತ ಲೆಕ್ಕ ಹಾಕಿದೆ.

ಆದರೆ ಏಪ್ರಿಲ್‌ನಲ್ಲಿ ಭಾವ ಪಾಸಾದರು. ಮೂವತ್ತೊಂಬತ್ತು, ನನಗಿಂತ ನಾಲ್ಕು ಹೆಚ್ಚು. ಅದೃಷ್ಟಕ್ಕೆ ಮತ್ತೆ ಬಂದ ಅದೇ ಪ್ರಬಂಧದಲ್ಲಿ ಅವರಪ್ಪ ಮೊದಲಿನಿಂದ ಕೊನೆಯವರೆಗೂ ಒಬ್ಬರೇ ಇದ್ದರು, ಈಸ್ ಆಗಿಯೇ ಇದ್ದರು. ಜುಲೈಯಲ್ಲಿ ಭಾವ ಆ ಕುರ್ಚಿಯಲ್ಲಿ ಕೂತರು. ಕಂಬಳಿ ಹೊದ್ದ ಯಾರೇ ಬಾಗಿಲಿಗೆ ಬಂದರೂ ಎದ್ದು ‘ಬರ್ರಿ ಯಪ್ಪಾ, ಒಳಗ ಬರ್ರಿ’ ಅನ್ನುತ್ತಾರಂತೆ. ನಾನು ಮಾನ್ವಿಯಿಂದ ರಾಯಚೂರಿನವರೆಗೆ ‘ಭಾವನ್ನ ಪಾಸ್ ಮಾಡಿಸಿದಾಂವ ನಾನು’ ಅಂತ ಹೇಳಿಕೊಂಡು ತಿರುಗಿದೆ. ಅದು ಸುಳ್ಳು. ಎಂಟು ತಿಂಗಳು ನನ್ನಿಂದ, ವ್ಯಾಕರಣದಿಂದ, ಸ್ವತಃ ಮಾಸ್ತರ ದನಿಯಿಂದ ಆಗದ್ದು ಆ ಭಾನುವಾರ ಜಾಲಹಳ್ಳಿಯ ಅಂಗಳದಲ್ಲಿ ಒಂದೇ ಮಾತಿಗೆ ಆಯಿತು. ಆ ಮಾತು ಕೇಳಿದ್ದೇ ತಡ, ಭಾವ ಕಿವಿಯವರೆಗೆ ಕೆಂಪಾಗಿ, ಎರಡೂ ಅಂಗೈಯಿಂದ ಬಾಗಿಲು ಒರೆಸಿದರು. ಕಟ್ಟೆಯ ಮೇಲಿನ ಮುದುಕರು ನಗು ತಡೆಯಲಾರದೆ ಕೆಮ್ಮತೊಡಗಿದರು. ಬಾಗಿಲ ಮೇಲೆ, ಸಣ್ಣ ಅಕ್ಷರದಲ್ಲಿ, ‘ಈಸ್’ ಬಂತು.

ಹೇಳಿದವರು ಭಾವನ ತಾಯಿ. ಅವರ ದನಿ ತೆಗೆಯಲು ನನಗೆ ಇಂದಿಗೂ ಧೈರ್ಯವಿಲ್ಲ. ಅದಕ್ಕೆ ಅವರ ಮಾತನ್ನು ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ. ಮೊರವನ್ನು ನೆಲಕ್ಕೆ ಕುಕ್ಕಿ, ಸೊಂಟದ ಮೇಲೆ ಕೈಯಿಟ್ಟು ಎದ್ದು ನಿಂತು ಅಂದರು:

‘ಲೇ, ಮುಂಜಾನಿಂದ ಕೇಳಾಕತ್ತೀನಿ, ಫಾದರ್ ಆರು, ಫಾದರ್ ಆರು ಅಂತ ಓಣಿಗೆಲ್ಲಾ ಸಾರಾಕತ್ತಿ. ನಾ ಕಟ್ಟಿಕೊಂಡಿದ್ದು ಒಬ್ಬನ್ನ. ಉಳಿದ ಐದು ಮಂದಿ ಯಾರಂತ ಹೇಳು, ಇಲ್ಲಾಂದ್ರ ಆ ಆರು ಅಳಸು!’